ಒತ್ತಿದರೆ ಮಿಡಿಯುವ ಹರಳು



ಅಡುಗೆಮನೆಯಲ್ಲಿ ಗ್ಯಾಸ್ ಒಲೆ ಹೊತ್ತಿಸುವ ಲೈಟರನ್ನು ನೀವೆಲ್ಲರೂ ಒತ್ತಿದವರೇ. ಬ್ಯಾಟರಿಯಿಲ್ಲದೆ ಕಿಡಿ ಹಾರಿಸುವ ಬಗೆಯ ಲೈಟರಿನೊಳಗೆ ಪುಟ್ಟ ಸುತ್ತಿಗೆಯೊಂದು ಪಿಂಗಾಣಿಯಂಥ ತುಣುಕಿಗೆ ಬಡಿಯುತ್ತದೆ. ಆ ಪೆಟ್ಟೇ ವಿದ್ಯುತ್ತಾಗುತ್ತದೆ. 1880ರಲ್ಲಿ ಪ್ಯಾರಿಸ್ಸಿನ ಝಾಕ್ ಮತ್ತು ಪಿಯೇರ್ ಕ್ಯೂರಿ ಸೋದರರು ಸ್ಫಟಿಕವೇ ಮೊದಲಾದ ಹರಳುಗಳಲ್ಲಿ ಈ ಗುಣವನ್ನು ಕಂಡರು. ವಿದ್ಯುತ್ತನ್ನು ಊಡಿದರೆ ಹರಳು ಹಿಗ್ಗಿ ಕುಗ್ಗಬೇಕೆಂದು ಮರುವರ್ಷ ಲಿಪ್‌ಮನ್ ಗಣಿತದಿಂದ ಹೇಳಿದರು. ಸೋದರರು ಅದನ್ನೂ ಪ್ರಯೋಗದಲ್ಲಿ ತೋರಿಸಿದರು. ಗ್ರೀಕಿನ 'ಒತ್ತು' ಎಂಬರ್ಥದ ಧಾತುವಿನಿಂದ ಇದಕ್ಕೆ ಹೆಸರಾಯಿತು. ಕನ್ನಡದ ಮೇಷ್ಟರಾದ ನನಗೆ 'ಒತ್ತುವಿದ್ಯುತ್ತು' ಎಂದರೆ ಸಾಕು. ಅರಿಸಮಾಸವೆಂದು ವೈಯಾಕರಣರು ಗದರಿದರೆ ತಲೆಬಾಗುತ್ತೇನೆ.

ಎಲ್ಲ ಹರಳುಗಳಿಗೂ ಈ ಗುಣವಿಲ್ಲ. ಕೇಂದ್ರದಿಂದ ಎರಡು ಕಡೆಗೂ ಒಂದೇ ತೆರನಾಗಿರುವ ಹರಳಿನಲ್ಲಿ ಧನ ಋಣಗಳು ಒತ್ತಿದಾಗಲೂ ಪರಸ್ಪರ ಸರಿತೂಗಿಬಿಡುತ್ತವೆ. ಆ ಸಮತೆ ತಪ್ಪಿದ ಹರಳೇ ಮಿಡಿಯುವುದು.

ಈಗ ವಿಜ್ಞಾನಿಗಳ ಕಣ್ಣು ಟೊಳ್ಳು ಹರಳುಗಳ ಮೇಲಿದೆ. ಲೋಹದ ಅಯಾನುಗಳನ್ನು ಕಂಬಗಳಂತೆ ನಿಲ್ಲಿಸಿ, ಇಂಗಾಲದ ಅಣುಗಳನ್ನು ತೊಲೆಗಳಂತೆ ಜೋಡಿಸಿದರೆ, ನಡುವೆ ಬರಿಯ ಕೋಣೆಗಳೇ ಉಳಿಯುತ್ತವೆ. ಇಂಥ ಪುಡಿಯ ಒಂದೇ ಗ್ರಾಮಿನ ಒಳಮೈ ಸಾವಿರಾರು ಚದರ ಮೀಟರುಗಳಾದೀತು. ಇದನ್ನು ಕಟ್ಟಿ ಬೆಳೆಸಿದ ಕಿತಗಾವ, ರಾಬ್ಸನ್, ಯಾಘಿ ಅವರಿಗೆ 2025ರ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಗಟ್ಟಿ ಪಿಂಗಾಣಿಯಿರುವಾಗ ಈ ಟೊಳ್ಳಿನ ಹಂಗೇಕೆ? ಬಹುಬಳಕೆಯ ಆ ಪಿಂಗಾಣಿಯ ತೂಕದಲ್ಲಿ ಅರ್ಧಕ್ಕೂ ಮಿಕ್ಕು ಸೀಸವಿದೆ, ಅದು ವಿಷ. ದೇಹದೊಳಗೆ ಇಡಬೇಕಾದ ಉಪಕರಣಕ್ಕೆ ಅದನ್ನು ಹೇಗೆ ನಂಬುವುದು? ಟೊಳ್ಳು ಹರಳು ಮೆತ್ತನೆಯದು, ಸೀಸವಿಲ್ಲದೆಯೂ ಕಟ್ಟಬಹುದು. ಒತ್ತಿದಾಗ ಹುಟ್ಟುವ ವಿದ್ಯುದಂಶ ಅಲ್ಪವಾದರೂ, ಒಳಗಿನ ಬಯಲಿನಿಂದಾಗಿ ಅಷ್ಟರಿಂದಲೇ ಹೆಚ್ಚಿನ ವೋಲ್ಟೇಜು ಏಳುವ ಸಾಧ್ಯತೆಯಿದೆ. ನನಗೆ ಅತ್ಯಂತ ಹಿಡಿಸಿದ ಸಂಗತಿಯಿದು.

ಆದರೆ ಅಳೆಯುವುದು ಸುಲಭವಲ್ಲ. ಕಣ್ಣಿಗೆ ಕಾಣದಷ್ಟು ಮೊನಚಾದ ಸೂಜಿಯನ್ನು ಹರಳಿನ ಮೇಲೆ ಊರಿ, ವಿದ್ಯುತ್ತು ಕೊಟ್ಟು, ಅದರ ಅಲುಗಾಟವನ್ನು ನೋಡುತ್ತಾರೆ. ಒಂದು ವೋಲ್ಟಿಗೆ ಸ್ಫಟಿಕ ಅಲುಗುವುದು ಸುಮಾರು 2 ಪಿಕೋಮೀಟರು. ಪಿಕೋಮೀಟರೆಂದರೆ ಮಿಲಿಮೀಟರಿನ ನೂರು ಕೋಟಿಯಲ್ಲೊಂದು ಪಾಲು. ಸೂಜಿಗೂ ಹರಳಿಗೂ ನಡುವಣ ಬರಿಯ ವಿದ್ಯುದಾಕರ್ಷಣೆಯೇ ಹರಳಿನ ಮಿಡಿತದ ವೇಷ ಹಾಕಿ ವಂಚಿಸುವುದುಂಟು. ಆದ್ದರಿಂದ ಪ್ರಾಮಾಣಿಕ ಪ್ರಯೋಗಕಾರ ಮಿಡಿಯಲಾರದ ಗಾಜಿನಂಥ ವಸ್ತುವಿನ ಮೇಲೂ ಅದೇ ಸೂಜಿಯನ್ನಿಟ್ಟು ನೋಡುತ್ತಾನೆ. ಇನ್ನು ಇಂಥ ಹರಳುಗಳಲ್ಲಿ ಹಲವು ಗಾಳಿಯ ತೇವಕ್ಕೇ ಕುಸಿಯುತ್ತವೆ. ದೇಹದೊಳಗೆ ಇರುವುದಾದರೂ ಬಹುಪಾಲು ನೀರೇ.