ಐಕ್ಳು ಅಂದ್ರೆ ತಪ್ಪಾ?

ಕೆ.ಆರ್. ನಗರದ ಹತ್ರ ಮಿರ್ಲೆ ನಮ್ಮೂರು. ಅಲ್ಲಿ ಮಕ್ಕಳಿಗೆ ‘ಐಕ್ಳು’ ಅಂತೀವಿ. ‘ಐಕ್ಳು ಉಂಡ್ವಾ?’ ಅಂದ್ರೆ ಗಂಡು, ಹೆಣ್ಣು ಎಲ್ಲಾ ಸೇರಿತು. ಮೈಸೂರಲ್ಲಿ ಓದುವಾಗ ಇದೇ ಪದ ಬಾಯಿಗೆ ಬಂದಿದ್ದಕ್ಕೆ ಕ್ಲಾಸಿಗೆ ಕ್ಲಾಸೇ ನಕ್ಕಿತ್ತು. ಆಮೇಲೆ ಎಷ್ಟೋ ದಿನ ಮಾತೇ ಕಮ್ಮಿ ಮಾಡಿಬಿಟ್ಟೆ.

ಈ ಪದದ ಬೇರು ನೋಡಿ. ಐಕ್ಳು ಅಂದ್ರೆ ‘ಹೈಕಳು’. ಒಬ್ಬನೇ ಆದ್ರೆ ‘ಹೈದ’, ಹುಡುಗ. ತಮಿಳಿನ ‘ಪೈಯನ್’, ಮಲಯಾಳದ ‘ಪೈತಲ್’ ಇದರ ನೆಂಟರು. ಅಲ್ಲಿ ‘ಪ’, ಇಲ್ಲಿ ‘ಹ’ ಯಾಕೆ?

10ನೇ ಶತಮಾನದ ಪಂಪನ ಕನ್ನಡದಲ್ಲಿ ಹಾಲು ‘ಪಾಲ್’, ಹುಲಿ ‘ಪುಲಿ’. ಬರ್ತಾ ಬರ್ತಾ ಪದದ ಮೊದಲಿನ ‘ಪ’ ಸವೆದು ‘ಹ’ ಆಯ್ತು. ತಮಿಳರು ಇವತ್ತಿಗೂ ‘ಪಾಲ್’ ಅಂತಾರೆ. ನಮ್ಮ ಕಡೆ ಆ ‘ಹ’ನೂ ಸವೆದು ಆಲು, ಉಲಿ, ಐಕ್ಳು! ಪಂಪನಿಂದ ಲೆಕ್ಕ ಹಾಕಿದ್ರೆ ‘ಹಾಲು’ ಅನ್ನೋರು ಒಂದು ಮೆಟ್ಟಿಲು ಇಳಿದವರು, ನಾವು ಎರಡು. ಇದರಲ್ಲಿ ನಗೋಕೆ ಏನಿದೆ? ಲಂಡನ್ನಿನ ಕಾಕ್ನಿ ಜನ ‘ಹೌಸ್’ಗೆ ‘ಔಸ್’ ಅಂತಾರೆ. ಅವರನ್ನೂ ಹೀಗೇ ಆಡ್ಕೊಂಡಿದ್ದಾರೆ ಬಿಡಿ.

ಪರೀಕ್ಷೇಲಿ ‘ಹಾಲು’ ಅಂತಲೇ ಬರೀರಿ, ಮಾರ್ಕ್ಸ್ ಬೇಕಲ್ಲ. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯವರು ನಿಮ್ಮೂರ ಮಾತು ಒಂದನ್ನ ನಮಗೆ ವಾಯ್ಸ್ ಮೆಸೇಜ್ ಮಾಡಿ. ‘ಹ’ ಬಿಟ್ಟೇ ಮಾತಾಡಿ.