ಬೇಡಿಕೊಳ್ಳಿರೆಂದವರಿಗಾಗಿ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಆ ಮನೆಯವರು ನಮ್ಮೊಡನೆ ಆಡುವ ಮಾತು, ‘ನಮಗಾಗಿ ದೇವರಲ್ಲಿ ಬೇಡಿಕೊಳ್ಳಿ’ ಎಂಬುದು. ಆಗಲೆನ್ನುತ್ತೇವೆ, ಗುಡಿಗೆ ಹೋಗಿ ಅವರ ಗೋತ್ರ, ನಕ್ಷತ್ರ, ರಾಶಿಗಳನ್ನು ಹೇಳಿ ಅರ್ಚನೆ ಮಾಡಿಸುತ್ತೇವೆ. ಇದು ಬರಿಯ ಉಪಚಾರವಲ್ಲ. ನೊಂದವರ ಹೆಸರು ಮತ್ತೊಬ್ಬರ ಬಾಯಲ್ಲಿ ಭಕ್ತಿಯಿಂದ ಬರುವುದೇ ಅವರಿಗೊಂದು ಧೈರ್ಯ.

ಆದರೆ ನಮ್ಮ ಬೀದಿಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾದ ದಿನ, ಅವಳ ನಕ್ಷತ್ರವನ್ನು ಬಲ್ಲ ನಮಗೆ ನಮ್ಮದೇ ರಕ್ತದ ಗುಂಪು ಯಾವುದೆಂದು ತಿಳಿದಿರಲಿಲ್ಲ! ವಿಯೆನ್ನಾದ ಲ್ಯಾಂಡ್‌ಸ್ಟೈನರ್ ಮಹಾಶಯರು ಈ ಗುಂಪುಗಳನ್ನು ಪ್ರಕಟಿಸಿದ್ದು 1901ರಲ್ಲಿ. ಅಷ್ಟು ಹಳೆಯ ಸಂಗತಿಯನ್ನು ನಾವು ವಿಚಾರಿಸಿಯೇ ಇರಲಿಲ್ಲ.

ರಕ್ತಕ್ಕೆ ಬದಲಾಗಿ ನಿಲ್ಲುವ ವಸ್ತುವನ್ನು ಯಾವ ಕಾರ್ಖಾನೆಯೂ ಇನ್ನೂ ಒದಗಿಸಿಲ್ಲ. ಶೀತದಲ್ಲಿಟ್ಟ ಕೆಂಪುಕಣಗಳಿಗೂ ಹೆಚ್ಚೆಂದರೆ 42 ದಿನಗಳ ಆಯುಸ್ಸು. ಆದುದರಿಂದ ಬೇಡಿಕೆ ಬರುವ ಮೊದಲೇ ಯಾರೋ ಕೊಟ್ಟಿರಬೇಕು. ಕೊಡುವುದಾದರೂ ಎಷ್ಟು? ಸಾಮಾನ್ಯವಾಗಿ 350 ಮಿಲಿಲೀಟರು. ಆರೋಗ್ಯವಂತರಾದ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಎಲ್ಲರಿಂದಲೂ ಇದು ಆಗದು. ಆಗದವರು ಆ ಮನೆಯ ಮಕ್ಕಳಿಗೆ ನಾಲ್ಕು ದಿನ ಅನ್ನ ಬಡಿಸಿದರೂ ಸಾಕು.

ಆ ಹೆಣ್ಣುಮಗಳು ಉಳಿದಳು. ಅವಳಿಗೆ ಸೇರಿದ ರಕ್ತವನ್ನು ಕೆಲವು ದಿನಗಳ ಹಿಂದೆಯೇ ಕೊಟ್ಟುಹೋಗಿದ್ದವರು ಯಾರೋ, ಅವರು ಯಾವ ದೇವರಿಗೆ ಕೈಮುಗಿಯುವರೋ ಅರಿಯೆವು. ಮರುವಾರ ನಾವೂ ಹೋಗಿ ಪರೀಕ್ಷೆ ಮಾಡಿಸಿಕೊಂಡೆವು. ಈಗ ಅರ್ಚಕರೆದುರು ನಕ್ಷತ್ರ ಹೇಳುವಷ್ಟೇ ಸರಾಗವಾಗಿ ನಮ್ಮ ಗುಂಪನ್ನೂ ಹೇಳಬಲ್ಲೆವು.