ಫೋನು ರೈತನ ಕೈಯಲ್ಲಿರಲಿ



ಗಿರಣಿಯಲ್ಲಿ ದುಡಿಯುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಎರಡೆಕರೆ ಹೊಲವುಂಟು. ನಮ್ಮ ಅಂಗಡಿಕಾರರ ಉದ್ರಿ ತೀರುವುದೂ ಸುಗ್ಗಿಯಲ್ಲೇ. ಆದುದರಿಂದ ಇದು ನಮ್ಮ ಮಾತೂ ಹೌದು.

ರೈತನೇ ತನ್ನ ಬೆಳೆಯನ್ನು ಮೊಬೈಲ್ ಆ್ಯಪಿನಲ್ಲಿ ದಾಖಲಿಸುವ ಏರ್ಪಾಡನ್ನು ರಾಜ್ಯ ಸರಕಾರವು 2020ರಲ್ಲಿ ಮಾಡಿತು. ಹೊಲದಲ್ಲೇ ನಿಂತು, ಸರ್ವೆ ನಂಬರು ಆರಿಸಿ, ಬೆಳೆಯನ್ನೂ ವಿಸ್ತೀರ್ಣವನ್ನೂ ತುಂಬಿ, ಫೋಟೋ ತೆಗೆಯಬೇಕು. ಬೆಳೆವಿಮೆ, ಬೆಂಬಲ ಬೆಲೆ, ನಷ್ಟ ಪರಿಹಾರಗಳಿಗೆ ಈ ದಾಖಲೆಯೇ ಆಧಾರ. ತೊಗರಿಯ ಹೊಲ ಜೋಳವೆಂದು ದಾಖಲಾದರೆ ವಿಮೆಯ ಹಣಕ್ಕೆ ಕುತ್ತು. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಗಾಗಿ ಹೋರಾಡಿದ್ದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಏರ್ಪಾಡು ಒಳ್ಳೆಯದೇ. ಆದರೆ ಕಲಿಸುವ ಬಗೆ ಯಾವುದು? ಸಭೆ ಕರೆದು, ಪರದೆಯ ಮೇಲೆ ತೋರಿಸಿ, ಚಹಾ ಕೊಟ್ಟು ಕಳಿಸಿದರೆ (ಚಹಾ ಚೆನ್ನಾಗಿಯೇ ಇರುತ್ತದೆ) ಅಂಜಿಕೆ ಹೋಗದು. ರೈತ ಮತ್ತೆ ಇನ್ನೊಬ್ಬರ ಕೈಗೆ ಫೋನು ಕೊಟ್ಟು ಪಕ್ಕಕ್ಕೆ ನಿಲ್ಲುತ್ತಾನೆ. ನಾವು ಗಿರಣಿಯಲ್ಲಿ ಹರಿದ ಎಳೆ ಕಟ್ಟಲು ಕಲಿತದ್ದು ಭಾಷಣ ಕೇಳಿ ಅಲ್ಲ. ಅವನ ಹೊಲದಲ್ಲಿ, ಅವನದೇ ಫೋನಿನಲ್ಲಿ, ಅವನ ಬೆರಳಿನಿಂದಲೇ ಮೂರು ಸಲ ಮಾಡಿಸಬೇಕು, ತಪ್ಪಿದರೆ ಗದರಬಾರದು. ಪಹಣಿ ಗಂಡನ ಹೆಸರಿನಲ್ಲಿದ್ದರೂ ಬಿತ್ತಿ ಕಳೆ ತೆಗೆಯುವವಳು ಹೆಂಡತಿ; ಅವಳಿಗೂ ಕಲಿಸಬೇಕು.

ಮುಂಗಾರಿನ ಸಮೀಕ್ಷೆ ಆರಂಭವಾದಾಗ, ರಜೆಗೆ ಊರಿಗೆ ಹೋಗುವ ನಾವು ನೆರೆಹೊಲದವರೊಡನೆ ಒಂದು ತಾಸು ಕೂರೋಣ.